ಸಾಕುಮೊಲದ ಮೇವು: ಕಡಿಮೆ ಖರ್ಚಿನ ದಾರಿ



ಹಿಂದೆ ನಮ್ಮ ಮನೆಗಳ ಹಿತ್ತಿಲಲ್ಲಿ ಹಸು, ಎಮ್ಮೆ, ಎತ್ತುಗಳಿದ್ದವು. ಅವುಗಳಿಗೆ ಏನು ಹಾಕಬೇಕು, ಎಷ್ಟು ಹಾಕಬೇಕು ಎಂಬುದನ್ನು ಯಾರೂ ಯಾರಿಗೂ ಕುಳ್ಳಿರಿಸಿ ಹೇಳಿಕೊಡಬೇಕಾಗಿರಲಿಲ್ಲ. ಮನೆಯ ಮಗು ಹಿರಿಯರನ್ನು ನೋಡಿಯೇ ಕಲಿಯುತ್ತಿತ್ತು. ಇಂದು ಪಟ್ಟಣಗಳಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಿಗೆ ದನ ಕಟ್ಟಲು ಸ್ಥಳವಿಲ್ಲ. ಆದರೂ ಪ್ರಾಣಿಗಳ ಒಡನಾಟ ಬೇಕೆಂಬ ಆಸೆ ಮಕ್ಕಳಲ್ಲಿ ಬತ್ತಿಲ್ಲ. ಅದರ ಫಲವಾಗಿ ಅನೇಕ ಮನೆಗಳಿಗೆ ಒಂದು ಜೊತೆ ಮೊಲವೋ ಗಿನಿಪಿಗ್ಗೋ ಬಂದು ಸೇರಿರುತ್ತದೆ. ತರುವಾಗಿನ ಸಂಭ್ರಮ ಕೆಲವೇ ತಿಂಗಳಲ್ಲಿ ಚಿಂತೆಯಾಗಿ ಮಾರ್ಪಡುವುದೂ ಉಂಟು. ಅಂಗಡಿಯವರು ತೋರಿಸುವ ಹೊರದೇಶದ ಒಣಹುಲ್ಲಿಗೆ ಕಿಲೋ ಒಂದಕ್ಕೆ ನೂರಾರು ರೂಪಾಯಿ ತೆರಬೇಕು. ತಿಂಗಳ ಸಂಬಳದಲ್ಲಿ ಮನೆ ನಡೆಸುವ ಗೃಹಿಣಿಗೆ ಇದು ಸಣ್ಣ ಹೊರೆಯಲ್ಲ.

ಈ ಹೊರೆಯನ್ನು ತಪ್ಪಿಸಿಕೊಳ್ಳಲು ಜನರು ಸಾಮಾನ್ಯವಾಗಿ ಎರಡು ದಾರಿಗಳನ್ನು ಹಿಡಿಯುತ್ತಾರೆ. ಮೊದಲನೆಯದು, ಅಡುಗೆಮನೆಯಲ್ಲಿ ಉಳಿದ ಅನ್ನ, ಚಪಾತಿ, ಬ್ರೆಡ್ಡು, ಬಿಸ್ಕತ್ತುಗಳಿಂದ ಅದರ ಹೊಟ್ಟೆ ತುಂಬಿಸುವುದು. ಎರಡನೆಯದು, ಊರಾಚೆಯ ಹೊಲದಲ್ಲೋ ತೋಪಿನಲ್ಲೋ ‘ತಾನೇ ಮೇಯ್ದುಕೊಳ್ಳಲಿ’ ಎಂದು ಬಿಟ್ಟುಬರುವುದು. ನಾವು ಸಾಕುವ ಮೊಲವು ಐರೋಪ್ಯ ಮೊಲದ ಸಂತತಿಯೇ ಹೊರತು ನಮ್ಮ ಹೊಲಗಳ ಕಾಡುಮೊಲದ ಸಂತತಿಯಲ್ಲ. ತಲೆತಲಾಂತರದಿಂದ ಗೂಡಿನಲ್ಲಿ ಬೆಳೆದ ಆ ಜೀವ, ಬಯಲಿಗೆ ಬಿದ್ದರೆ ನಾಯಿಗೋ ಮುಂಗುಸಿಗೋ ಬೇಗನೆ ತುತ್ತಾಗುತ್ತದೆ. ಅನ್ನ, ಬಿಸ್ಕತ್ತು ತಿಂದ ಮೊಲವೂ ಸಾಯುತ್ತದೆ, ಆದರೆ ನಿಧಾನವಾಗಿ. ಎರಡೂ ದಾರಿಗಳ ಕೊನೆಯಲ್ಲಿ ಅಳುವುದು ಮನೆಯ ಮಗು.

ಈ ತಿಂಗಳು ನಾವು ಹೇಳಬಯಸುವುದು ಇಷ್ಟೇ. ಈ ಜೀವಿಗಳ ನಿಜವಾದ ಆಹಾರ ಹುಲ್ಲು, ಮತ್ತು ಹುಲ್ಲು ನಮ್ಮ ನಾಡಿನಲ್ಲಿ ದುಬಾರಿ ವಸ್ತುವಲ್ಲ. ಅಂಗಡಿಯಲ್ಲಿ ನಾವು ತೆರುವ ಹಣದ ಬಹುಭಾಗ ಹಡಗಿನ ಸಾಗಣೆಗೂ ಅಂದವಾದ ಪೊಟ್ಟಣಕ್ಕೂ ಹೋಗುತ್ತದೆ. ಸ್ವಲ್ಪ ತಿಳಿವಳಿಕೆ, ಸ್ವಲ್ಪ ಶ್ರಮವಿದ್ದರೆ ಅದೇ ಮೇವನ್ನು ನಮ್ಮ ಸುತ್ತಮುತ್ತಲೇ ಹೊಂದಿಸಿಕೊಳ್ಳಬಹುದು.

ಹುಲ್ಲೇ ಏಕೆ ಬೇಕು?

ಮೊಲ ಮತ್ತು ಗಿನಿಪಿಗ್‌ಗಳ ಹಲ್ಲುಗಳು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತವೆ. ಮೊಲದ ಮುಂಬಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರಿನಷ್ಟು ಬೆಳೆಯುತ್ತದೆ. ಹುಲ್ಲನ್ನು ದಿನವಿಡೀ ಅರೆದು ತಿಂದಾಗ ಮಾತ್ರ ಹಲ್ಲು ಸವೆದು ಅಳತೆಯಲ್ಲಿ ಉಳಿಯುತ್ತದೆ. ಮೆತ್ತಗಿನ ಆಹಾರ ತಿನ್ನುವ ಪ್ರಾಣಿಯ ದವಡೆಹಲ್ಲುಗಳು ಮೊನಚಾಗಿ ಬೆಳೆದು ನಾಲಿಗೆಯನ್ನೂ ಕೆನ್ನೆಯನ್ನೂ ಗಾಯಗೊಳಿಸುತ್ತವೆ. ಆಗ ಹಸಿವಿದ್ದರೂ ಅದು ತಿನ್ನಲಾರದು.

ಹೊಟ್ಟೆಯ ಸಂಗತಿಯೂ ಹೀಗೆಯೇ. ಇವುಗಳ ಕರುಳಿನ ಹಿಂಭಾಗದಲ್ಲಿ ದೊಡ್ಡದೊಂದು ಚೀಲವಿದ್ದು, ಅಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ನಾರನ್ನು ಹುಳಿಸಿ ಪುಷ್ಟಿಯನ್ನು ಹೊರತೆಗೆಯುತ್ತವೆ. ನಸುಕಿನಲ್ಲಿ ಮೊಲವು ತನ್ನದೇ ಮೆದುವಾದ ಹಿಕ್ಕೆಯನ್ನು ತಿನ್ನುವುದನ್ನು ಕಂಡು ಕೆಲವರು ಗಾಬರಿಗೊಳ್ಳುತ್ತಾರೆ. ಅದು ಆ ಪುಷ್ಟಿಯನ್ನು ಮತ್ತೊಮ್ಮೆ ಪಡೆಯುವ ಸಹಜ ಕ್ರಮ, ಅದನ್ನು ತಡೆಯಬಾರದು. ಕರುಳನ್ನು ಸದಾ ಚಲಿಸುವಂತೆ ಮಾಡುವುದು ನಾರು. ನಾರು ಕಡಿಮೆಯಾಗಿ ಹಿಟ್ಟು, ಸಕ್ಕರೆಗಳು ಹೆಚ್ಚಾದರೆ ಕರುಳು ನಿಧಾನವಾಗಿ, ವಾಯು ತುಂಬಿ, ಕೊನೆಗೆ ನಿಂತೇಹೋಗುತ್ತದೆ. ಅರ್ಧ ದಿನ ಏನನ್ನೂ ತಿನ್ನದೆ, ಹಿಕ್ಕೆ ಹಾಕದೆ ಮುದುಡಿ ಕುಳಿತ ಮೊಲವನ್ನು ‘ನಾಳೆ ನೋಡೋಣ’ ಎನ್ನದೆ ಪಶುವೈದ್ಯರ ಬಳಿಗೆ ಕೊಂಡೊಯ್ಯಬೇಕು.

ಚಿತ್ರಪುಸ್ತಕಗಳಲ್ಲಿ ಮೊಲದ ಕೈಯಲ್ಲಿ ಸದಾ ಗಜ್ಜರಿ ಇರುತ್ತದೆ. ಗಜ್ಜರಿ ಸಿಹಿ ಪದಾರ್ಥ. ಮಕ್ಕಳಿಗೆ ಲಾಡು ಎಷ್ಟೋ ಮೊಲಕ್ಕೆ ಗಜ್ಜರಿ ಅಷ್ಟೇ: ಅಪರೂಪಕ್ಕೊಂದು ತುಂಡು ಸಾಕು. ಗಜ್ಜರಿಯ ಸೊಪ್ಪನ್ನು ಮಾತ್ರ ಇನ್ನಷ್ಟು ಧಾರಾಳವಾಗಿ ಕೊಡಬಹುದು.

ಒಂದೇ ಹೆಸರು, ಎರಡು ವಸ್ತು

ನಾವು ‘ಒಣಹುಲ್ಲು’ ಎಂಬ ಒಂದೇ ಮಾತಿನಿಂದ ಎರಡು ಬೇರೆಬೇರೆ ವಸ್ತುಗಳನ್ನು ಕರೆಯುತ್ತೇವೆ. ಕಾಳು ಒಕ್ಕಿದ ಮೇಲೆ ಉಳಿಯುವ ಭತ್ತದ ಹುಲ್ಲು, ರಾಗಿ ಹುಲ್ಲು, ಜೋಳದ ಕಣಿಕೆ ಇವೆಲ್ಲ ಒಂದು ಬಗೆ. ಇವುಗಳಲ್ಲಿ ಗಿಡದ ಸತ್ವವೆಲ್ಲ ಕಾಳಿಗೆ ಹೋಗಿ, ದಂಟು ಮಾತ್ರ ಉಳಿದಿರುತ್ತದೆ. ಎಳೆಯ ಹುಲ್ಲನ್ನು ತೆನೆ ಹೊರಡುವ ಹೊತ್ತಿಗೆ ಕೊಯ್ದು, ಹಸುರು ಮಾಸದಂತೆ ಒಣಗಿಸಿಟ್ಟರೆ ಅದು ಇನ್ನೊಂದು ಬಗೆ. ನಮ್ಮ ಪುಟ್ಟ ಜೀವಿಗಳಿಗೆ ನಿತ್ಯಾಹಾರವಾಗಿ ಬೇಕಾದದ್ದು ಈ ಎರಡನೆಯದು. ಭತ್ತದ ಹುಲ್ಲನ್ನು ಗೂಡಿನಲ್ಲಿ ಹಾಸಲು ಬಳಸಬಹುದು. ಅದರಲ್ಲಿ ಒಂದೆರಡು ಎಳೆ ಕಡಿದರೂ ಕೇಡಿಲ್ಲ. ಆದರೆ ಅದೊಂದನ್ನೇ ನಂಬಿದರೆ ಪ್ರಾಣಿ ಬಡಕಲಾಗುತ್ತದೆ. ದನಗಳಿಗಾಗಿ ಯೂರಿಯಾ ನೀರಿನಲ್ಲಿ ಹದಗೊಳಿಸಿದ ಹುಲ್ಲನ್ನಂತೂ ಗೂಡಿನ ಹತ್ತಿರವೂ ತರಬಾರದು. ಹುಲ್ಲು ಕೊಳ್ಳುವಾಗ ಇದೊಂದು ಮಾತನ್ನು ಕೇಳಿಯೇ ಕೊಳ್ಳಬೇಕು.

ಅಂಗಡಿಗಳಲ್ಲಿ ಹೆಸರುವಾಸಿಯಾಗಿರುವ ತಿಮೋಥಿ ಹುಲ್ಲು ಚಳಿದೇಶಗಳ ಬೆಳೆ. ನಮ್ಮ ಬಯಲುಸೀಮೆಯ ಬಿಸಿಲು ಅದಕ್ಕೆ ಒಗ್ಗದು. ಅದರಲ್ಲಿ ನಾರು ಹೆಚ್ಚು, ಸಸಾರಜನಕ ಹಿತಮಿತ, ಸುಣ್ಣದ ಅಂಶ ಕಡಿಮೆ. ಇವೇ ಅದರ ಗುಣಗಳು, ಬೇರೆ ಪವಾಡವೇನೂ ಅದರಲ್ಲಿಲ್ಲ. ಗರಿಕೆ, ಗಿನಿ ಹುಲ್ಲು, ರೋಡ್ಸ್ ಹುಲ್ಲುಗಳನ್ನು ಸಕಾಲದಲ್ಲಿ ಕೊಯ್ದು ಒಣಗಿಸಿದರೆ ಅವೂ ಆ ಸ್ಥಾನವನ್ನು ತುಂಬುತ್ತವೆ. ನೇಪಿಯರ್ ಹುಲ್ಲನ್ನು ದಂಟು ಬಲಿಯುವ ಮೊದಲು ಕೊಯ್ದು, ಬೇರೆ ಹುಲ್ಲುಗಳೊಡನೆ ಬೆರೆಸಿ ಕೊಡಬಹುದು.

ಕುದುರೆ ಮಸಾಲೆ ಸೊಪ್ಪಿನ ಬಗ್ಗೆ ಒಂದು ಎಚ್ಚರಿಕೆ. ಅದು ಹುಲ್ಲಿನ ಜಾತಿಯದಲ್ಲ, ದ್ವಿದಳ ಸಸ್ಯ. ಅದರಲ್ಲಿ ಸಸಾರಜನಕವೂ ಸುಣ್ಣದ ಅಂಶವೂ ಹೆಚ್ಚು. ಆರು ತಿಂಗಳೊಳಗಿನ ಮರಿಗಳಿಗೆ, ಗರ್ಭ ಧರಿಸಿದ ಮತ್ತು ಹಾಲೂಡುವ ತಾಯಿಗಳಿಗೆ ಅದು ಒಳ್ಳೆಯದು. ಬೆಳೆದ ಮೊಲಕ್ಕೆ ನಿತ್ಯವೂ ಕೊಟ್ಟರೆ ಹೆಚ್ಚಾದ ಸುಣ್ಣ ಮೂತ್ರದಲ್ಲಿ ಸೇರಿ, ಮರಳಿನಂತೆ ಗಟ್ಟಿಯಾಗಿ, ಕಲ್ಲಾಗುವ ಅಪಾಯವಿದೆ. ಬೆಳೆದ ಪ್ರಾಣಿಗೆ ವಾರಕ್ಕೊಮ್ಮೆ ಒಂದು ಹಿಡಿ ಸಾಕು.

ಎಷ್ಟು ಬೇಕಾಗುತ್ತದೆ?

ಲೆಕ್ಕವಿಲ್ಲದೆ ಮಿತವ್ಯಯವಿಲ್ಲ. ಸುಮಾರು 2 ಕಿಲೋ ತೂಗುವ ಮೊಲ ದಿನಕ್ಕೆ 100 ಗ್ರಾಂನಷ್ಟು ಒಣಹುಲ್ಲು ತಿನ್ನುತ್ತದೆ ಎಂದಿಟ್ಟುಕೊಳ್ಳೋಣ. ತಿಂಗಳಿಗೆ 3 ಕಿಲೋ ಆಯಿತು. 1 ಕಿಲೋ ತೂಗುವ ಗಿನಿಪಿಗ್‌ಗೆ ತಿಂಗಳಿಗೆ 2 ಕಿಲೋ ಮೀರದು. ಚೆಲ್ಲಿ ಹಾಳು ಮಾಡುವುದನ್ನು ಸೇರಿಸಿ ಇನ್ನಷ್ಟು ಹಿಡಿದುಕೊಳ್ಳಿರಿ. ಹಸಿ ಹುಲ್ಲಿನಲ್ಲಿ ಮುಕ್ಕಾಲು ಭಾಗ ನೀರೇ ಇರುವುದರಿಂದ, ಸುಮಾರು 4 ಕಿಲೋ ಹಸಿ ಹುಲ್ಲು ಒಣಗಿದರೆ 1 ಕಿಲೋ ಆಗುತ್ತದೆ. ಅಂದರೆ ಒಂದು ಮೊಲದ ಇಡೀ ತಿಂಗಳ ಮೇವಿಗೆ 12 ಕಿಲೋ ಹಸಿ ಹುಲ್ಲು ಸಾಕು. ರೈತನೊಬ್ಬ ತಲೆಯ ಮೇಲೆ ಹೊತ್ತು ತರುವ ಒಂದು ಹೊರೆಯೇ ಇದಕ್ಕಿಂತ ದೊಡ್ಡದಿರುತ್ತದೆ.

ನಿತ್ಯವೂ ಹಸಿ ಹುಲ್ಲು ದೊರೆಯುವ ಕಡೆ ಒಣಗಿಸುವ ಅಗತ್ಯವೂ ಇಲ್ಲ. ಹಸಿ ಹುಲ್ಲೇ ಇವುಗಳ ಮೂಲ ಆಹಾರ. ಒಣಗಿಸುವುದು ಕೂಡಿಡುವ ಉಪಾಯ ಮಾತ್ರ. ಆದರೆ ಒಣಮೇವಿಗೆ ಒಗ್ಗಿದ ಪ್ರಾಣಿಗೆ ಒಮ್ಮೆಲೇ ಹಸಿ ಹುಲ್ಲು ತುಂಬಿಸಬಾರದು. ಏಳೆಂಟು ದಿನ ಸ್ವಲ್ಪಸ್ವಲ್ಪವಾಗಿ ಬೆರೆಸುತ್ತ ಹೋಗಬೇಕು. ಹೊರದೇಶದ ಹುಲ್ಲಿನಿಂದ ಊರಿನ ಹುಲ್ಲಿಗೆ ಬದಲಾಯಿಸುವಾಗಲೂ ಇದೇ ಕ್ರಮ.

ಎಲ್ಲಿ ದೊರೆಯುತ್ತದೆ?

ಮೊದಲನೆಯದಾಗಿ, ಊರಂಚಿನ ಹೈನುಗಾರರು. ಬಹುತೇಕ ಪಟ್ಟಣಗಳ ಅಂಚಿನಲ್ಲಿ ಹಸು ಸಾಕುವವರು ಗಿನಿ ಹುಲ್ಲು, ನೇಪಿಯರ್ ಬೆಳೆಯುತ್ತಾರೆ. ಮನೆಗೆ ಹಾಲು ತರುವವರನ್ನೇ ವಿಚಾರಿಸಿದರೆ ವಾರಕ್ಕೊಂದು ಹೊರೆ ತಂದುಕೊಡಲು ಅವರು ಒಪ್ಪಬಹುದು. ಅವರಿಗೆ ಆದಾಯ, ನಮಗೆ ಅನುಕೂಲ.

ಎರಡನೆಯದಾಗಿ, ಕುದುರೆ ಸಾಕುವವರಿಗೆ ಒಣಮೇವು ಒದಗಿಸುವ ವ್ಯಾಪಾರಿಗಳು. ಕುದುರೆಗೂ ಮೊಲಕ್ಕೂ ಹುಲ್ಲಿನ ವಿಷಯದಲ್ಲಿ ಅಭಿರುಚಿ ಹೆಚ್ಚುಕಡಿಮೆ ಒಂದೇ: ಬೂಷ್ಟಿಲ್ಲದ, ದೂಳಿಲ್ಲದ, ಹಸುರು ಉಳಿದ ಹುಲ್ಲು. ಇವರು ದೊಡ್ಡ ಕಟ್ಟುಗಳಲ್ಲೇ ಮಾರುತ್ತಾರೆ. ಮೂರು ನಾಲ್ಕು ಮನೆಯವರು ಕೂಡಿ ಒಂದು ಕಟ್ಟು ತರಿಸಿ ಹಂಚಿಕೊಂಡರೆ ಪೊಟ್ಟಣದ ಬೆಲೆಗಿಂತ ಬಹಳ ಅಗ್ಗವಾಗುತ್ತದೆ. ಬಹುಮಹಡಿ ಕಟ್ಟಡಗಳಲ್ಲಿ ವಾಸಿಸುವವರಿಗೆ ಈ ದಾರಿ ವಿಶೇಷವಾಗಿ ಹೊಂದುತ್ತದೆ.

ಮೂರನೆಯದಾಗಿ, ಮಲೆನಾಡಿನ ಬಂಧುಗಳಿಗೆ ಬೇಣದ ಕರಡ ಗೊತ್ತೇ ಇದೆ. ಅದನ್ನು ತರುವಾಗ ಎಳಸಾಗಿ ಕೊಯ್ದದ್ದನ್ನೇ ಆರಿಸಬೇಕು. ಬಲಿತ ಹುಲ್ಲಿನ ಮುಳ್ಳಿನಂಥ ಊಬುಗಳು ಬಾಯಿಗೂ ಕಣ್ಣಿಗೂ ಚುಚ್ಚಿ ಗಾಯ ಮಾಡುತ್ತವೆ.

ನಾಲ್ಕನೆಯದಾಗಿ, ನಾವೇ ಬೆಳೆಯುವುದು. ಹಿತ್ತಿಲಲ್ಲಿ ಒಂದೆರಡು ಮಾರು ಜಾಗವಿದ್ದರೆ ಗಿನಿ ಹುಲ್ಲಿನ ಹತ್ತಾರು ಬುಡಗಳನ್ನು ನೆಟ್ಟು, ಬೇರೂರಿದ ಮೇಲೆ ತಿಂಗಳು ಒಂದೂವರೆ ತಿಂಗಳಿಗೊಮ್ಮೆ ಕೊಯ್ಯಬಹುದು. ಮೇವಿನ ಬೀಜ, ಬೇರುಸಸಿಗಳ ಬಗ್ಗೆ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ, ಪಶುಸಂಗೋಪನಾ ಇಲಾಖೆಯಲ್ಲಿ, ಹಾಲು ಒಕ್ಕೂಟಗಳಲ್ಲಿ ವಿಚಾರಿಸಬಹುದು. ಝಾನ್ಸಿಯಲ್ಲಿ 1962ರಲ್ಲಿ ಸ್ಥಾಪನೆಯಾದ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರವು ನಮ್ಮ ಧಾರವಾಡದಲ್ಲಿಯೇ ಇದೆ. ಹಿತ್ತಿಲೂ ಇಲ್ಲದವರು ಅಗಲವಾದ ತಟ್ಟೆಯಲ್ಲಿ ಮಣ್ಣು ಹರಡಿ, ಅಡುಗೆಮನೆಯ ಗೋಧಿಯನ್ನೇ ನೆನೆಸಿ ಬಿತ್ತಿದರೆ ಸುಮಾರು ಹತ್ತು ದಿನಗಳಲ್ಲಿ ಗೇಣುದ್ದದ ಹಸುರು ಬರುತ್ತದೆ. ಔಷಧ ಸವರಿದ ಬಿತ್ತನೆ ಬೀಜವನ್ನು ಇದಕ್ಕೆ ಬಳಸಬಾರದು.

ರೇಷ್ಮೆ ಬೆಳೆಯುವ ಪ್ರದೇಶದವರಿಗೆ ಇನ್ನೊಂದು ಅನುಕೂಲವಿದೆ. ಹಿಪ್ಪುನೇರಳೆ ಸೊಪ್ಪನ್ನು ಮೊಲಗಳು ಬಹು ಪ್ರೀತಿಯಿಂದ ತಿನ್ನುತ್ತವೆ. ಹುಳುವಿಗೆ ಹಾಕುವ ಸೊಪ್ಪಿನಲ್ಲಿ ವಿಷ ಉಳಿದಿದ್ದರೆ ಹುಳುವೇ ಸಾಯುವುದರಿಂದ ರೈತರು ಆ ಬಗ್ಗೆ ಎಚ್ಚರ ವಹಿಸಿರುತ್ತಾರೆ. ಸತ್ವಯುತವಾದ ಈ ಸೊಪ್ಪು ದಿನಕ್ಕೆ ನಾಲ್ಕೈದು ಎಲೆಗಳಿಗೆ ಮೀರದಿರಲಿ. ಸಂಜೆ ತರಕಾರಿ ಮಾರುಕಟ್ಟೆ ಮುಗಿಯುವ ಹೊತ್ತಿಗೆ ಹೂಕೋಸಿನ ಹೊರ ಎಲೆ, ಮೂಲಂಗಿ ಸೊಪ್ಪು, ಕೊತ್ತಂಬರಿ ದಂಟು, ಮುಸುಕಿನ ಜೋಳದ ಸಿಪ್ಪೆಗಳು ಬಿಟ್ಟಿಯಾಗಿಯೇ ದೊರೆಯುವುದುಂಟು. ಕೊಳೆತದ್ದನ್ನು ಬಿಟ್ಟು, ತೊಳೆದು, ನೀರಾರಿಸಿ ಹುಲ್ಲಿನ ಜೊತೆ ಒಂದು ಹಿಡಿ ಕೊಡಬಹುದು. ಕೋಸಿನ ಜಾತಿಯ ಎಲೆಗಳು ಹೆಚ್ಚಾದರೆ ಹೊಟ್ಟೆಯುಬ್ಬರ ಬರುತ್ತದೆ.

ಒಣಗಿಸುವ ಮತ್ತು ಕೂಡಿಡುವ ಕ್ರಮ

ಮಳೆಗಾಲದಲ್ಲಿ ಹುಲ್ಲು ಹುಲುಸಾಗಿರುತ್ತದೆ, ಒಣಗಿಸಲು ಬಿಸಿಲಿರುವುದಿಲ್ಲ. ಬೇಸಿಗೆಯಲ್ಲಿ ಬಿಸಿಲಿರುತ್ತದೆ, ಹುಲ್ಲಿರುವುದಿಲ್ಲ. ಎರಡೂ ಕೂಡುವ ಕಾಲ ದೀಪಾವಳಿಯ ಆಸುಪಾಸಿನಿಂದ ಮುಂದಿನ ಒಂದೆರಡು ತಿಂಗಳು. ಬೆಳಗಿನ ಇಬ್ಬನಿ ಆರಿದ ಮೇಲೆ ಕೊಯ್ದು, ಮಾಳಿಗೆಯ ಮೇಲೆ ತೆಳುವಾಗಿ ಹರಡಿ, ದಿನಕ್ಕೆರಡು ಬಾರಿ ತಿರುವಿ ಹಾಕಬೇಕು. ರಾತ್ರಿ ಇಬ್ಬನಿ ಬೀಳದಂತೆ ಒಳಗೆ ತೆಗೆಯಬೇಕು. ಎರಡು ಮೂರು ದಿನಗಳಲ್ಲಿ ಹುಲ್ಲು ಗಲಗಲ ಸದ್ದು ಮಾಡತೊಡಗುತ್ತದೆ. ದಂಟನ್ನು ತಿರುಚಿದರೆ ತೇವ ಕಾಣಬಾರದು. ಬಣ್ಣ ತಿಳಿಹಸುರಾಗಿ, ವಾಸನೆ ಸಿಹಿಯಾಗಿದ್ದರೆ ಹದ ಸರಿಯಾಗಿದೆ ಎಂದು ತಿಳಿಯಬೇಕು. ಅತಿಯಾದ ಬಿಸಿಲಿನಲ್ಲಿ ಬಹುದಿನ ಬಿಟ್ಟರೆ ಹುಲ್ಲು ಬಿಳಿಚಿ ಸತ್ವ ಕಳೆದುಕೊಳ್ಳುತ್ತದೆ.

ಒಣಗಿದ್ದನ್ನು ಗೋಣಿಚೀಲದಲ್ಲೋ ಹಳೆಯ ಹತ್ತಿಬಟ್ಟೆಯ ಚೀಲದಲ್ಲೋ ತುಂಬಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲಿಡಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಬೆವೆತು ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದ ಹುಲ್ಲನ್ನು ಎಷ್ಟೇ ಬೆಲೆಯದಾಗಿದ್ದರೂ ಎಸೆಯಲೇಬೇಕು. ರಾಶಿ ಹಾಕಿದಲ್ಲೇ ಬಿಸಿಯಾದ ಹಸಿ ಹುಲ್ಲಿನ ಗತಿಯೂ ಅದೇ.

ಗಿನಿಪಿಗ್‌ಗೆ ಇನ್ನೊಂದು ಬೇಡಿಕೆ

ಮನುಷ್ಯರಂತೆಯೇ ಗಿನಿಪಿಗ್ ಕೂಡ ತನ್ನ ದೇಹದಲ್ಲಿ ಸಿ ಜೀವಸತ್ವವನ್ನು ತಯಾರಿಸಿಕೊಳ್ಳಲಾರದು. ದಿನಕ್ಕೆ ಸುಮಾರು 10ರಿಂದ 30 ಮಿಲಿಗ್ರಾಂ ಅದಕ್ಕೆ ಹೊರಗಿನಿಂದ ಬೇಕು. ಒಣಹುಲ್ಲಿನಲ್ಲಿ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಇದು ದೊರೆಯದಿದ್ದರೆ ಕೀಲು ಬಾತು, ನಡೆಯಲಾರದೆ, ವಸಡಿನಲ್ಲಿ ರಕ್ತ ಒಸರಿ ಪ್ರಾಣಿ ಸೊರಗುತ್ತದೆ. ಇದಕ್ಕೂ ದುಬಾರಿ ಔಷಧ ಬೇಕಿಲ್ಲ. 100 ಗ್ರಾಂ ಸೀಬೆಹಣ್ಣಿನಲ್ಲಿ 200 ಮಿಲಿಗ್ರಾಂನಷ್ಟು ಸಿ ಜೀವಸತ್ವವಿರುತ್ತದೆ. ಆದ್ದರಿಂದ ಬೆರಳಗಲದ ಒಂದು ತುಂಡು ಸೀಬೆ, ಇಲ್ಲವೇ ದೊಣ್ಣೆ ಮೆಣಸಿನಕಾಯಿಯ ಒಂದು ಹೋಳು, ಜೊತೆಗೆ ಒಂದಿಷ್ಟು ಕೊತ್ತಂಬರಿ ಸೊಪ್ಪು ಸಾಕು. ಮೊಲಕ್ಕೆ ಈ ತೊಂದರೆಯಿಲ್ಲ. ಅದು ಸಿ ಜೀವಸತ್ವವನ್ನು ತಾನೇ ತಯಾರಿಸಿಕೊಳ್ಳುತ್ತದೆ.

ಉಳಿತಾಯ ಎಲ್ಲಿ ಸಲ್ಲದು?

ಗುಳಿಗೆ ರೂಪದ ತಯಾರಿ ಆಹಾರವನ್ನು ಬೆಳೆದ ಮೊಲಕ್ಕೆ ದಿನಕ್ಕೆ ಒಂದು ಹಿಡಿಗಿಂತ ಹೆಚ್ಚು ಕೊಡುವ ಅಗತ್ಯವಿಲ್ಲ. ಗಿನಿಪಿಗ್‌ಗೆ ಒಂದು ದೊಡ್ಡ ಚಮಚ ಸಾಕು. ಇಲ್ಲಿ ಖರ್ಚು ಇಳಿಸಬಹುದು. ಬಣ್ಣಬಣ್ಣದ ಕಾಳು, ಒಣಹಣ್ಣು ಬೆರೆಸಿದ ಪೊಟ್ಟಣಗಳನ್ನು ಪೂರ್ತಿಯಾಗಿಯೇ ಬಿಡಬಹುದು. ಆದರೆ ಅಗ್ಗವೆಂದು ದನದ ಹಿಂಡಿಯನ್ನೋ ಕೋಳಿಯ ಆಹಾರವನ್ನೋ ತರಬಾರದು. ದನದ ಆಹಾರದಲ್ಲಿ ಯೂರಿಯಾ, ಕೋಳಿಯ ಆಹಾರದಲ್ಲಿ ಔಷಧಗಳು ಬೆರೆತಿರಬಹುದು. ಬೂಷ್ಟು ಹಿಡಿದ ಶೇಂಗಾ ಹಿಂಡಿಯಲ್ಲಿ ಉಂಟಾಗುವ ವಿಷವನ್ನು ಮೊಲ ಸ್ವಲ್ಪವೂ ತಾಳಲಾರದು.

ಹುಲ್ಲು ಕೊಯ್ಯುವ ಸ್ಥಳದ ಬಗ್ಗೆಯೂ ವಿಚಾರವಿರಲಿ. ಕಳೆನಾಶಕ ಹೊಡೆದ ಬದು, ವಾಹನಗಳ ಹೊಗೆ ಕವಿದ ರಸ್ತೆಯಂಚು, ಬೀದಿನಾಯಿಗಳು ಸುಳಿಯುವ ಮೂಲೆ ಇವು ತಕ್ಕವಲ್ಲ. ಕಣಗಿಲೆ, ಎಕ್ಕ, ದತ್ತೂರಿ, ಹರಳು, ಲಂಟಾನ, ಪಾರ್ಥೇನಿಯಂ ಗಿಡಗಳು ಹುಲ್ಲಿನೊಡನೆ ಬೆರೆತಿಲ್ಲವೇ ಎಂದು ಹಸನು ಮಾಡಿಯೇ ಹಾಕಬೇಕು. ಎಳೆಯ ಜೋಳದ ಪೈರು ತಿಂದು ದನ ಸತ್ತ ಸುದ್ದಿ ಉತ್ತರ ಕರ್ನಾಟಕದ ಹಿರಿಯರಿಗೆ ಹೊಸದಲ್ಲ. ದೊಡ್ಡ ಎತ್ತಿಗೇ ಆಗದ್ದು ಅಂಗೈಯಗಲದ ಜೀವಕ್ಕೆ ಆದೀತೆ? ಕಾಯಿಲೆ ಬಂದಾಗ ಮನೆಯಲ್ಲಿರುವ ಮಾತ್ರೆ ಕೊಡುವುದೂ ಸಲ್ಲದು. ಪೆನ್ಸಿಲಿನ್ ಜಾತಿಯ ಔಷಧಗಳನ್ನು ಬಾಯಿಯ ಮೂಲಕ ಕೊಟ್ಟರೆ ಇವುಗಳ ಕರುಳಿನ ಸೂಕ್ಷ್ಮಜೀವಿಗಳು ನಾಶವಾಗಿ ಪ್ರಾಣಕ್ಕೇ ಕುತ್ತು ಬರುತ್ತದೆ.

ಕೊನೆಯದಾಗಿ ಒಂದು ಸಂದೇಹವನ್ನು ಪರಿಹರಿಸಬೇಕು. 2023ರಲ್ಲಿ ನಮ್ಮ ರಾಜ್ಯದ ಬಹುಭಾಗ ಬರಗಾಲಕ್ಕೆ ತುತ್ತಾಗಿತ್ತು. ಅಂಥ ವರ್ಷಗಳಲ್ಲಿ ರೈತನ ದನಕ್ಕೇ ಮೇವಿಲ್ಲದಿರುವಾಗ ಪಟ್ಟಣದ ಮೊಲಕ್ಕೆ ಹುಲ್ಲು ಕೊಳ್ಳುವುದು ಸರಿಯೇ ಎಂದು ಕೆಲವರು ಕೇಳಬಹುದು. ಪ್ರಶ್ನೆ ಯೋಗ್ಯವಾದದ್ದೇ. ಆದರೆ ಒಂದು ಹಸು ಒಂದೇ ದಿನದಲ್ಲಿ ತಿನ್ನುವ ಒಣಮೇವಿನಷ್ಟೂ ಒಂದು ಮೊಲ ಇಡೀ ತಿಂಗಳಿಗೆ ತಿನ್ನುವುದಿಲ್ಲ. ದೀಪಾವಳಿಯ ಹೊತ್ತಿಗೆ ಕೂಡಿಟ್ಟವರಿಗೆ ಬೇಸಿಗೆಯಲ್ಲಿ ರೈತನ ಪಾಲಿಗೆ ಕೈಯೊಡ್ಡುವ ಪ್ರಸಂಗವೂ ಬಾರದು. ಹೊರದೇಶದ ಪೊಟ್ಟಣಕ್ಕೆ ಸಲ್ಲುವ ಹಣ ಊರಂಚಿನ ರೈತನ ಕೈಸೇರಿದರೆ ಆ ಮನೆಯ ಹಸುವಿಗೂ ಅಷ್ಟು ನೆರವಾಗುತ್ತದೆ.

ತಾಯಂದಿರಲ್ಲಿ ನಮ್ಮ ವಿನಂತಿ ಒಂದಿದೆ. ಮೊಲ ಬೇಕೆಂದು ಹಟ ಹಿಡಿದ ಮಗುವಿಗೇ ಹುಲ್ಲು ಹಸನು ಮಾಡುವ, ನೀರಿನ ಬಟ್ಟಲು ತೊಳೆಯುವ ಕೆಲಸವನ್ನು ಹಿರಿಯರ ಕಣ್ಣೆದುರಿನಲ್ಲಿ ವಹಿಸಿಕೊಡಿರಿ. ಇನ್ನೂ ಪ್ರಾಣಿಯನ್ನು ತಾರದವರು, ಮೇವು ಎಲ್ಲಿಂದ ಬರುತ್ತದೆ ಎಂಬುದನ್ನು ಗೊತ್ತುಮಾಡಿಕೊಂಡ ಮೇಲೆಯೇ ತರುವ ಮಾತನ್ನಾಡಿರಿ. ಮೊಲ ಹಸಿದರೆ ಕೂಗುವುದಿಲ್ಲ, ನೋವಾದರೆ ಮೂಲೆ ಸೇರುತ್ತದೆ. ಬೆಳಿಗ್ಗೆ ಎದ್ದೊಡನೆ ಗೂಡಿನಲ್ಲಿ ಹುಲ್ಲು ಉಳಿದಿದೆಯೇ, ಹಿಕ್ಕೆ ಬಿದ್ದಿದೆಯೇ ಎಂದು ನೋಡುವ ಅಭ್ಯಾಸ ಮನೆಯಲ್ಲಿ ಒಬ್ಬರಿಗಾದರೂ ಇರಲಿ.